ನದಿಯ ಲೆಕ್ಕ ಬೇರೆ, ಬೋರ್‌ವೆಲ್‌ನ ಲೆಕ್ಕ ಬೇರೆ

ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿಯ ನೀರನ್ನು ಬೈರಮಂಗಲದ ಹತ್ತಿರ ಹಿಡಿದು ಪರೀಕ್ಷೆಗೆ ಕೊಟ್ಟರೆ ನೈಟ್ರೇಟ್ ಹೆಚ್ಚೇನೂ ಕಾಣದಿರಬಹುದು. ಅದೇ ನೀರು ಹಾಯಿಸಿದ ಹೊಲದ ಬದಿಯ ಬೋರ್‌ವೆಲ್‌ನಲ್ಲಿ ಮಾತ್ರ ಅದು ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿ.ಗ್ರಾಂ ದಾಟಿರುವುದು ಅಪರೂಪವಲ್ಲ. ವರದಿ ಕೈಗೆ ಬಂದವರು ಸಾಮಾನ್ಯವಾಗಿ ಯೂರಿಯಾದ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ. ಯೂರಿಯಾದ ಪಾಲು ಇಲ್ಲವೆಂದಲ್ಲ. ಆದರೆ ನದಿಯಲ್ಲಿ ಕಾಣದ್ದು ಬಾವಿಯಲ್ಲಿ ಕಾಣುವುದಕ್ಕೆ ಬೇರೊಂದು ಕಾರಣವಿದೆ.

ಕೊಳಚೆ ನೀರಿನಲ್ಲಿ ಸಾರಜನಕ ಬಹುಪಾಲು ಅಮೋನಿಯಾ ರೂಪದಲ್ಲಿರುತ್ತದೆ. 1 ಮಿ.ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಮಿ.ಗ್ರಾಂ ಆಮ್ಲಜನಕ ಬೇಕು. ಕಪ್ಪುಗಟ್ಟಿ ಹರಿಯುವ ನದಿಯಲ್ಲಿ ಅಷ್ಟು ಆಮ್ಲಜನಕ ಎಲ್ಲಿಂದ ಬರಬೇಕು? ಹಾಗಾಗಿ ಅಲ್ಲಿ ಅಮೋನಿಯಾ ಅಮೋನಿಯಾ ಆಗಿಯೇ ಉಳಿಯುತ್ತದೆ, ಇದ್ದಬದ್ದ ನೈಟ್ರೇಟನ್ನೂ ಬ್ಯಾಕ್ಟೀರಿಯಾಗಳು ಒಡೆದು ಗಾಳಿಗೆ ಬಿಡುತ್ತವೆ. ಉತ್ತ ಹೊಲಕ್ಕೆ ಆ ನೀರು ಬಿದ್ದಾಗ ಕಥೆ ತಿರುಗುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಕೆಲವೇ ದಿನಗಳಿಂದ ವಾರಗಳೊಳಗೆ ಅಮೋನಿಯಾ ನೈಟ್ರೇಟ್ ಆಗುತ್ತದೆ. ಅಮೋನಿಯಂ ಕಣವನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೇಟನ್ನು ಹಿಡಿಯುವುದಿಲ್ಲ, ಅದು ನೀರಿನ ಜೊತೆಗೇ ಕೆಳಗಿಳಿಯುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಲೀಟರಿಗೆ 40 ಮಿ.ಗ್ರಾಂ ಸಾರಜನಕವಿರುವ ಕೊಳಚೆಯನ್ನು ಒಂದು ಹೆಕ್ಟೇರಿಗೆ ವರ್ಷಕ್ಕೆ 1 ಮೀಟರ್ ಆಳದಷ್ಟು ಹಾಯಿಸಿದರೆ 10,000 ಘನ ಮೀಟರ್ ನೀರಾಯಿತು. ಅದರೊಂದಿಗೆ ಬಂದ ಸಾರಜನಕ 400 ಕೆ.ಜಿ. ನೀರಾವರಿ ರಾಗಿಗೆ ಶಿಫಾರಸು ಮಾಡುವುದೇ ಹೆಕ್ಟೇರಿಗೆ 100 ಕೆ.ಜಿ. ಮೇವಿನ ಹುಲ್ಲು ಇನ್ನೂ ಹೆಚ್ಚು ಎಳೆಯುತ್ತದೆ, ಒಂದಷ್ಟು ಗಾಳಿಗೂ ಹೋಗುತ್ತದೆ. ಉಳಿದದ್ದರಲ್ಲಿ ಬರೀ 100 ಕೆ.ಜಿ. ಬೇರು ದಾಟಿ 200 ಮಿ.ಮೀ. ಇಂಗುವ ನೀರಿನೊಂದಿಗೆ ಕೆಳಗಿಳಿಯಿತು ಎಂದುಕೊಳ್ಳಿ. ಆ ನೀರಿನಲ್ಲಿ ಸಾರಜನಕ ಲೀಟರಿಗೆ 50 ಮಿ.ಗ್ರಾಂ, ನೈಟ್ರೇಟ್ ಲೆಕ್ಕದಲ್ಲಿ 220ಕ್ಕೂ ಮೇಲೆ. ಇಷ್ಟಾಗಲು ಹೊಲಕ್ಕೆ ಒಂದು ಹಿಡಿ ಯೂರಿಯಾವನ್ನೂ ಎರಚಬೇಕಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಕೆಲವು ಪ್ರಯೋಗಾಲಯಗಳು ನೈಟ್ರೇಟನ್ನು ನೈಟ್ರೇಟ್ ಎಂದೇ ಬರೆಯುತ್ತವೆ, ಕೆಲವು ಸಾರಜನಕವಾಗಿ ಬರೆಯುತ್ತವೆ. ಎರಡರ ನಡುವೆ 4.43 ಪಟ್ಟು ವ್ಯತ್ಯಾಸ. ಸಾರಜನಕವಾಗಿ ಬರೆದ 12ನ್ನು 45ರ ಮಿತಿಯ ಪಕ್ಕದಲ್ಲಿಟ್ಟು ‘ಸುರಕ್ಷಿತ’ ಎಂದು ಓದಿಬಿಟ್ಟರೆ, ನಿಜವಾಗಿ 53 ಇರುವ ನೀರನ್ನು ಊರಿಗೆ ಕುಡಿಸಿದಂತೆ.

ವೃಷಭಾವತಿ ಅರ್ಕಾವತಿಯ ಉಪನದಿ. ನಂದಿಬೆಟ್ಟದಲ್ಲಿ ಹುಟ್ಟಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಯ ಕಣಿವೆಯಲ್ಲಿ ಮೇಲ್ನೀರು, ಅಂತರ್ಜಲ ಎರಡಕ್ಕೂ ಕಾವಲಿದೆ. ತೊಂದರೆ ಏನೆಂದರೆ ಅಳತೆಗೋಲುಗಳು ನದಿಗೆಂದೇ ಹೊಲಿದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ವರ್ಗ ಮಾಡುತ್ತದೆ. ಕೊನೆಯ ‘ಇ’ ವರ್ಗ ನೀರಾವರಿಗೆ. ಅದಕ್ಕೆ ನೋಡುವುದು ನಾಲ್ಕೇ ಅಂಶ: ಪಿಎಚ್, ವಿದ್ಯುತ್ ವಾಹಕತೆ (ಕರಗಿದ ಉಪ್ಪಿನ ಅಂದಾಜು) 2,250 ಮೈಕ್ರೊಸೀಮೆನ್ಸ್ ಒಳಗೆ, ಸೋಡಿಯಂ ಅನುಪಾತ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದ ಸೋಡಿಯಂ) 26ರ ಒಳಗೆ, ಬೋರಾನ್ 2 ಮಿ.ಗ್ರಾಂ ಒಳಗೆ. ಸಾರಜನಕದ ಮಾತಿಲ್ಲ, ಭಾರಲೋಹದ ಮಾತಿಲ್ಲ, ಮಲದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಮಾತೂ ಇಲ್ಲ. ‘ನೀರಾವರಿಗೆ ಯೋಗ್ಯ’ ಎಂಬ ಮುದ್ರೆ ಬೆಳೆಯ ಮಟ್ಟಿಗೆ ಸರಿಯಿರಬಹುದು, ಹೊಲದಡಿಯ ನೀರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕಾರ್ಖಾನೆಗಳ ಸಾಮಾನ್ಯ ಮಿತಿಯೂ ಹಾಗೆಯೇ. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೇ ಅನುಸೂಚಿಯಂತೆ ಒಳನಾಡಿನ ಮೇಲ್ನೀರಿಗೆ ಬಿಡುವ ತ್ಯಾಜ್ಯದಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 2 ಮಿ.ಗ್ರಾಂವರೆಗೆ ಇರಬಹುದು. ಕುಡಿಯುವ ನೀರಿನ ಮಾನಕದಲ್ಲಿ ಅದು 0.05. ನಲವತ್ತು ಪಟ್ಟು ಅಂತರ. ಅಮೋನಿಯಾ ಸಾರಜನಕಕ್ಕೆ ಮಿತಿ 50 ಮಿ.ಗ್ರಾಂ, ಅಷ್ಟೂ ನೈಟ್ರೇಟ್ ಆದರೆ ಮತ್ತೆ ಅದೇ 220. ತ್ಯಾಜ್ಯವನ್ನು ನದಿಯ ಸ್ವಂತ ನೀರು ಹಲವು ಪಟ್ಟು ತೆಳುಗೊಳಿಸುತ್ತದೆ ಎಂಬ ನಂಬಿಕೆ ಇಂಥ ಮಿತಿಗಳ ಹಿಂದಿದೆ. ಬೇಸಿಗೆಯ ವೃಷಭಾವತಿಗೆ ಸ್ವಂತ ನೀರೇ ಇಲ್ಲ, ಹರಿಯುವುದೆಲ್ಲ ನಗರ ಬಳಸಿ ಬಿಟ್ಟದ್ದು. ತೆಳುಗೊಳಿಸಲು ನೀರೇ ಇಲ್ಲದ ಕಡೆ ಈ ಮಿತಿಗೆ ಅರ್ಥವಿಲ್ಲ.

ಕಾನೂನು ಮಾತ್ರ ಇಷ್ಟು ಕುರುಡಲ್ಲ. 1974ರ ಜಲ ಕಾಯ್ದೆ ‘ಹೊಳೆ’ ಎಂಬುದರ ವ್ಯಾಖ್ಯೆಯಲ್ಲೇ ಅಂತರ್ಜಲವನ್ನೂ ಸೇರಿಸಿದೆ. 17ನೇ ಕಲಮು, ಮಳೆಯಿಲ್ಲದ ದಿನಗಳಲ್ಲಿ ಆ ಹೊಳೆಯಲ್ಲಿರುವ ಕನಿಷ್ಠ ಹರಿವನ್ನು ಗಮನಿಸಿಯೇ ತ್ಯಾಜ್ಯದ ಮಾನಕ ಗೊತ್ತುಮಾಡಬೇಕು ಎನ್ನುತ್ತದೆ. ಎರಡನ್ನೂ ಜೋಡಿಸಿ ಓದಿದರೆ, ಹರಿವು ಶೂನ್ಯವಿರುವ ಹೊಳೆಗೆ ಬಿಡುವ ಘಟಕಕ್ಕೆ ಸಾಮಾನ್ಯ ಮಿತಿಗಿಂತ ಬಿಗಿಯಾದ ಮಿತಿ ಹಾಕುವ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೈಯಲ್ಲಿದೆ. ಮಂಡಳಿ ಕಾರ್ಖಾನೆಗೆ ಕೊಡುವ ಸಮ್ಮತಿ ಪತ್ರದಲ್ಲಿ ಲೀಟರಿಗೆ ಎಷ್ಟು ಮಿ.ಗ್ರಾಂ ಎಂದಷ್ಟೇ ಬರೆಯದೆ ದಿನಕ್ಕೆ ಎಷ್ಟು ಕೆ.ಜಿ. ಎಂದೂ ಬರೆದರೆ, ಬೋರ್‌ವೆಲ್ ನೀರು ಬೆರೆಸಿ ಸಾಂದ್ರತೆ ಇಳಿಸುವ ಹಳೆಯ ಜಾಣತನಕ್ಕೆ ದಾರಿ ಮುಚ್ಚುತ್ತದೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಗಮನ ಬಹುಪಾಲು ಎಷ್ಟು ಎತ್ತಬೇಕು ಎಂಬುದರ ಮೇಲಿದೆ. ಗುಣಮಟ್ಟದ ಹೊಣೆ ಸುತ್ತಿ ಬಳಸಿ ಜಲ ಕಾಯ್ದೆಗೇ ಬರುತ್ತದೆ.

ನಮ್ಮ ನೆಲದ ಸ್ವಭಾವವನ್ನೂ ಹೇಳಬೇಕು. ಇಲ್ಲಿ ಮೇಲೊಂದಿಷ್ಟು ಮಣ್ಣು, ಅದರಡಿ ನೊರಜು (ಶಿಥಿಲವಾದ ಮೆತ್ತನೆಯ ಕಲ್ಲು), ಅದರಡಿ ಸೀಳುಬಿಟ್ಟ ಗಟ್ಟಿ ಕಲ್ಲು. ನೊರಜಿನ ಪದರ ಸಾಮಾನ್ಯವಾಗಿ 10ರಿಂದ 30 ಮೀಟರ್. ಹಿಂದೆ ತೆರೆದ ಬಾವಿಗಳ ನೀರು ಇದ್ದದ್ದು ಅದರಲ್ಲೇ, ಸೋಸುವ ಶಕ್ತಿ ಇರುವುದೂ ಅದಕ್ಕೇ. ಕಲ್ಲಿನ ಸೀಳು ಏನನ್ನೂ ಸೋಸುವುದಿಲ್ಲ. ಶೌಚಗುಂಡಿಗೂ ಬಾವಿಗೂ 15 ಮೀಟರ್ ದೂರವಿರಲಿ ಎಂಬ ವಾಡಿಕೆಯ ಮಾತು ಮರಳುಮಣ್ಣಿಗೆ ನಡೆಯುತ್ತದೆ. ಸೀಳಿನ ನೇರಕ್ಕೆ ಬಿದ್ದ ಬಾವಿಗೆ 150 ಮೀಟರ್ ಕೂಡ ಸಾಲದಿರಬಹುದು, ಸೀಳಿಗೆ ಅಡ್ಡ ಬಿದ್ದರೆ ಪಕ್ಕದ ಬಾವಿಯೂ ಸ್ವಚ್ಛವಿರಬಹುದು. ಆದ್ದರಿಂದ ಕಾರ್ಖಾನೆಯ ಸುತ್ತ ವೃತ್ತ ಎಳೆದು ಮಾದರಿ ಹಿಡಿಯುವುದು ಇಲ್ಲಿ ವ್ಯರ್ಥ. ಮೊದಲು ನೀರಿನ ಮಟ್ಟ ಅಳೆದು ಇಳಿಜಾರು ಯಾವ ಕಡೆಗೆಂದು ತಿಳಿಯಬೇಕು, ಸೀಳಿನ ದಿಕ್ಕು ಗುರುತಿಸಬೇಕು. ಆಮೇಲೆ ಮಾಲಿನ್ಯದ ಮೂಲದ ಮೇಲ್ಗಡೆ ಒಂದು, ಮೂಲದ ಬುಡದಲ್ಲಿ ಒಂದು, ಕೆಳಗಡೆ ದೂರ ಹೆಚ್ಚಿಸುತ್ತಾ ಎರಡು ಮೂರು ಬಾವಿ ಆರಿಸಬೇಕು. ಸಾಧ್ಯವಾದಲ್ಲೆಲ್ಲ ನೊರಜಿನಲ್ಲಿ ನಿಲ್ಲುವ 20 ಮೀಟರಿನ ಒಂದು ಕೊಳವೆ, ಕಲ್ಲಿಗಿಳಿದ ಇನ್ನೊಂದು ಅಕ್ಕಪಕ್ಕದಲ್ಲಿರಲಿ. 300 ಮೀಟರ್ ಕೊರೆದ ರೈತರ ಬೋರ್‌ವೆಲ್‌ನಲ್ಲಿ ನಾಲ್ಕಾರು ಸೀಳುಗಳ ನೀರು ಬೆರೆತಿರುತ್ತದೆ, ಮೇಲಿನ ಪದರದ ಕೆಡುಕು ಅದರಲ್ಲಿ ತಡವಾಗಿ, ತೆಳುವಾಗಿ ಕಾಣುತ್ತದೆ.

ಮಾದರಿ ಹಿಡಿಯುವಾಗಲೇ ಅರ್ಧ ತಪ್ಪು ನಡೆದುಹೋಗುತ್ತದೆ. ಆರೂವರೆ ಇಂಚಿನ ಬೋರ್‌ವೆಲ್‌ನಲ್ಲಿ ಪ್ರತಿ ಮೀಟರಿಗೆ ಸುಮಾರು 21 ಲೀಟರ್ ನಿಂತಿರುತ್ತದೆ. 150 ಮೀಟರ್ ನೀರು ನಿಂತಿದ್ದರೆ 3,200 ಲೀಟರ್. ಅದರ ಮೂರು ಪಟ್ಟು ಹೊರಹಾಕಿ ಆಮೇಲೆ ಹಿಡಿಯಿರಿ ಎಂದು ಪುಸ್ತಕ ಹೇಳುತ್ತದೆ. ನಿಮಿಷಕ್ಕೆ 80 ಲೀಟರ್ ಎತ್ತುವ ಪಂಪಿಗೆ ಅದು ಎರಡು ಗಂಟೆಯ ಕೆಲಸ. ಮೂರು ಫೇಸ್ ಕರೆಂಟು ಅಷ್ಟು ಹೊತ್ತು ಇರುವ ಭರವಸೆ ಯಾರಿಗಿದೆ! ಕೈಗೂಡುವ ದಾರಿ ಇನ್ನೊಂದಿದೆ: ಪಂಪ್ ಓಡಿಸುತ್ತಾ ಐದೈದು ನಿಮಿಷಕ್ಕೆ ವಾಹಕತೆ ಮತ್ತು ಪಿಎಚ್ ಬರೆಯುತ್ತಾ ಹೋಗಿ, ಸತತ ಮೂರು ಸಲ ವಾಹಕತೆಯ ವ್ಯತ್ಯಾಸ ಶೇ 3ರೊಳಗೆ, ಪಿಎಚ್ ವ್ಯತ್ಯಾಸ 0.1ರೊಳಗೆ ನಿಂತಾಗ ಬಾಟಲಿ ತುಂಬುವುದು. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಹಿಡಿದ ನೀರು ಟ್ಯಾಂಕಿನ ವರದಿ ಕೊಡುತ್ತದೆ, ಬಾವಿಯದ್ದಲ್ಲ.

ಒಂದೇ ಬಾಟಲಿಯಲ್ಲಿ ಎಲ್ಲ ಪರೀಕ್ಷೆ ಆಗುವುದಿಲ್ಲ. ಲೋಹಗಳಿಗೆ ಸ್ಥಳದಲ್ಲೇ ಸೋಸಿ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಇಳಿಸಬೇಕು. ಹೆಚ್ಚು ವಿಷಕಾರಿಯಾದ ಷಟ್ಸಂಯೋಜಕ ಕ್ರೋಮಿಯಂ ನೋಡುವ ಬಾಟಲಿಗೆ ಮಾತ್ರ ಆಮ್ಲ ಹಾಕಬಾರದು. ಹಾಕಿದರೆ ದಾರಿಯಲ್ಲೇ ಅದು ವಿಷ ಕಡಿಮೆಯಾದ ತ್ರಿಸಂಯೋಜಕ ರೂಪಕ್ಕಿಳಿದು ವರದಿಯಲ್ಲಿ ‘ಇಲ್ಲ’ ಎಂದು ಬರುತ್ತದೆ. ಪೀಣ್ಯದಂಥ ಲೋಹಲೇಪನ ಘಟಕಗಳ ಪ್ರದೇಶದಲ್ಲಿ ಈ ಒಂದು ತಪ್ಪು ಇಡೀ ಸಮೀಕ್ಷೆಯನ್ನು ಕೆಡಿಸಬಲ್ಲದು. ನೈಟ್ರೇಟ್ ಬಾಟಲಿ ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿದ್ದು 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ವರದಿ ಬಂದ ಮೇಲೆ ಮೊದಲು ಧನ ಅಯಾನು, ಋಣ ಅಯಾನುಗಳ ಮೊತ್ತ ತಾಳೆ ನೋಡಿ. ಶೇ 5ಕ್ಕಿಂತ ಹೆಚ್ಚು ಏರುಪೇರಿದ್ದರೆ ಚರ್ಚೆಗೆ ಕೂರುವ ಮುಂಚೆ ಮರುಪರೀಕ್ಷೆ ಮಾಡಿಸಿ.

ಹೊಳೆಯ ಮಾದರಿಗೆ ಬೇರೆ ಜಾಗ್ರತೆ ಬೇಕು. ಬೆಳಗ್ಗೆ ಹನ್ನೊಂದಕ್ಕೆ ಹಿಡಿದ ಒಂದು ಬಾಟಲಿ ರಾತ್ರಿ ಬಿಟ್ಟ ತ್ಯಾಜ್ಯವನ್ನು ಎಂದೂ ತೋರಿಸದು. 24 ಗಂಟೆ, ಗಂಟೆಗೊಮ್ಮೆ, ಹರಿವಿನ ಪ್ರಮಾಣಕ್ಕೆ ತಕ್ಕಷ್ಟು ಹಿಡಿದು ಬೆರೆಸಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಬಾವಿಗಳಿಗೆ ಬೇಸಿಗೆಯಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಸಾಲದು. ಮುಂಗಾರಿನ ಮೊದಲ ದೊಡ್ಡ ಮಳೆ ಮಣ್ಣಿನಲ್ಲಿ ಕೂಡಿಟ್ಟ ನೈಟ್ರೇಟನ್ನು ಒಮ್ಮೆಲೇ ಕೆಳಗೆ ತಳ್ಳುತ್ತದೆ. ಅದಾದ ಕೆಲವು ವಾರಕ್ಕೆ ನೊರಜಿನ ಕೊಳವೆಯಿಂದ ಮೂರನೆಯ ಮಾದರಿ ಹಿಡಿಯಬೇಕು.

ಅಂಕಿಗಳನ್ನು ಓದುವಾಗ ಕ್ಲೋರೈಡನ್ನು ಜೊತೆಗಿಟ್ಟುಕೊಳ್ಳಿ. ಅದು ಕೊಳೆಯುವುದಿಲ್ಲ, ಮಣ್ಣಿಗೆ ಅಂಟುವುದಿಲ್ಲ, ಬ್ಯಾಕ್ಟೀರಿಯಾಗೆ ಬೇಕಿಲ್ಲ. ಕ್ಲೋರೈಡ್, ನೈಟ್ರೇಟ್ ಎರಡೂ ಏರಿದ್ದರೆ ಕೊಳಚೆಯ ಅನುಮಾನ ಬಲವಾಗುತ್ತದೆ. ನೈಟ್ರೇಟ್ ಮಾತ್ರ ಏರಿದ್ದರೆ ಯೂರಿಯಾವನ್ನು ಕೇಳಬಹುದು. ಕ್ಲೋರೈಡ್ ಹೆಚ್ಚಿದ್ದೂ ನೈಟ್ರೇಟ್ ಕಡಿಮೆಯಿದ್ದರೆ ಖುಷಿಪಡುವ ಮುಂಚೆ ಆಮ್ಲಜನಕ, ಕಬ್ಬಿಣ, ಮ್ಯಾಂಗನೀಸ್ ನೋಡಿ. ನೈಟ್ರೇಟ್ ಒಡೆದುಹೋಗಿದೆ, ಕೊಳಚೆ ಬಂದೇ ಇದೆ ಎಂಬ ಸಾಧ್ಯತೆ ಹೆಚ್ಚು. ಇನ್ನು ಫ್ಲೋರೈಡ್, ಯುರೇನಿಯಂ ನಮ್ಮ ಕಡೆ ಬಹುಮಟ್ಟಿಗೆ ಕಲ್ಲಿನದ್ದೇ ಕೊಡುಗೆ. ಅವನ್ನೂ ಕಾರ್ಖಾನೆಯ ತಲೆಗೆ ಕಟ್ಟಿದರೆ ಗಟ್ಟಿ ದೂರುಗಳೂ ಸಡಿಲಾಗುತ್ತವೆ.

ಕೋಲಾರದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಗೂ ಇದೇ ಕನ್ನಡಕ ಬೇಕು. 2018ರಿಂದ ಬೆಂಗಳೂರಿನ ಎರಡನೇ ಹಂತ ಶುದ್ಧೀಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಒಣಗಿದ ಸೀಮೆಗೆ ನೀರು ಬಂತೆನ್ನುವವರ ಮಾತಿನಲ್ಲೂ, ಮೂರನೇ ಹಂತದ ಶುದ್ಧೀಕರಣ ಬೇಕೆನ್ನುವವರ ಮಾತಿನಲ್ಲೂ ಹುರುಳಿದೆ. ಎರಡನೇ ಹಂತ ಬಿಒಡಿಯನ್ನು (ಕೊಳೆಯುವ ವಸ್ತು ಎಳೆಯುವ ಆಮ್ಲಜನಕದ ಅಳತೆ) ಇಳಿಸುತ್ತದೆ, ಕರಗಿದ ಲವಣವನ್ನು ಮುಟ್ಟುವುದೇ ಇಲ್ಲ. ಕೋಡಿ ಹರಿಯದೆ ಬರೀ ಇಂಗಿ, ಬರೀ ಆವಿಯಾಗುವ ಕೆರೆಯಲ್ಲಿ ಆವಿ ನೀರನ್ನಷ್ಟೇ ಒಯ್ಯುತ್ತದೆ, ಉಪ್ಪು ಉಳಿದು ಕೆಳಗಿಳಿಯುತ್ತದೆ. ಹಾಗಾಗಿ ಅಲ್ಲಿ ಬಾವಿಯ ಮಟ್ಟ ಎಷ್ಟು ಅಡಿ ಏರಿತು ಎಂಬುದರ ಪಕ್ಕದಲ್ಲೇ ವಾಹಕತೆ, ಸೋಡಿಯಂ, ನೈಟ್ರೇಟ್ ವರ್ಷದಿಂದ ವರ್ಷಕ್ಕೆ ಯಾವ ಕಡೆ ವಾಲುತ್ತಿವೆ ಎಂಬುದನ್ನೂ ಪ್ರಕಟಿಸಬೇಕು.

ಕಾರ್ಖಾನೆಯ ತಪಾಸಣೆಗೆ ಹೋದವರು ಮೀಟರುಗಳಿಂದ ಶುರುಮಾಡುವುದು ಲೇಸು. ಒಳಬಂದ ನೀರಿನಿಂದ ಆವಿಯಾದದ್ದು, ಉತ್ಪನ್ನದಲ್ಲಿ ಸೇರಿದ್ದು ಕಳೆದರೆ ತ್ಯಾಜ್ಯ ಇಷ್ಟಿರಬೇಕು ಎಂದು ತಿಳಿಯುತ್ತದೆ. ಶುದ್ಧೀಕರಣ ಘಟಕದ ಮೀಟರು ಅದಕ್ಕಿಂತ ಬಹಳ ಕಡಿಮೆ ತೋರಿಸಿದರೆ ಉಳಿದದ್ದು ಮೋರಿಗೋ, ಬತ್ತಿದ ಬೋರ್‌ವೆಲ್ಲಿಗೋ ಹೋಗುತ್ತಿದೆ. ಘಟಕದ ಕರೆಂಟ್ ಬಿಲ್ಲು ಗಾಳಿಯೂದುವ ಯಂತ್ರ ಎಷ್ಟು ಗಂಟೆ ಓಡಿತೆಂದು ಹೇಳಿಬಿಡುತ್ತದೆ. ಆದರೆ ಕೋರ್ಟಿನಲ್ಲಿ ನಿಲ್ಲುವುದು ಜಲ ಕಾಯ್ದೆಯ 21ನೇ ಕಲಮಿನಂತೆ ಹಿಡಿದ ಮಾದರಿ ಮಾತ್ರ: ವಿಶ್ಲೇಷಣೆಗೆ ಒಯ್ಯುವುದಾಗಿ ಅಲ್ಲೇ ನೋಟಿಸು, ಮಾಲೀಕ ಅಥವಾ ಆತನ ಪ್ರತಿನಿಧಿಯ ಎದುರಿನಲ್ಲಿ ಮಾದರಿ ಎರಡು ಭಾಗ, ಎರಡಕ್ಕೂ ಮೊಹರು, ಇಬ್ಬರ ಸಹಿ. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಎಷ್ಟೇ ಕರಾಳ ವರದಿಯಾದರೂ ಪ್ರಯೋಜನವಿಲ್ಲ.

ಕೊನೆಯದಾಗಿ ಬತ್ತಿದ ಬೋರ್‌ವೆಲ್‌ಗಳು. ಮೇಲಿನ ಕೊಳಕು ಕಲ್ಲಿನ ಸೀಳಿಗೆ ಇಳಿಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಮಕ್ಕಳು ಬೀಳದಿರಲೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಯಂತೆ ತಳದಿಂದ ನೆಲದವರೆಗೆ ಮಣ್ಣು, ಮರಳು, ಕಲ್ಲು, ಕೊರೆದ ಪುಡಿ ಯಾವುದರಿಂದಲಾದರೂ ಮುಚ್ಚಬಹುದು. ಜೀವ ಉಳಿಸಲು ಅದು ಸಾಕು, ನೀರು ಕಾಯಲು ಸಾಲದು. ಕಲ್ಲು ತುಂಬಿದ ಕೊಳವೆಯಲ್ಲಿ ಕೊಳಚೆ ಸಲೀಸಾಗಿ ಇಳಿಯುತ್ತದೆ. ಸೀಳಿರುವ ಭಾಗಕ್ಕೆ ಶುದ್ಧ ಜಲ್ಲಿ, ಅದರ ಮೇಲೆ ಹದವಾದ ಜೇಡಿ ಅಥವಾ ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿ), ಮೇಲಿನ ಕೊನೆಯ 5-6 ಮೀಟರಿಗೆ ಸಿಮೆಂಟ್ ಗ್ರೌಟ್ (ತೆಳು ಗಾರೆ) ಹೋಗಬೇಕು. ಗ್ರೌಟನ್ನು ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಟೊಳ್ಳು ಉಳಿಯುತ್ತದೆ, ಸಣ್ಣ ಪೈಪು ಇಳಿಸಿ ಕೆಳಗಿನಿಂದ ಮೇಲಕ್ಕೆ ತುಂಬಬೇಕು. ಹೊಸದಾಗಿ ಕೊರೆಸುವವರೂ ಕೇಸಿಂಗ್ ಗಟ್ಟಿ ಕಲ್ಲಿನೊಳಗೆ ಒಂದೆರಡು ಮೀಟರ್ ಕೂತಿದೆಯೇ, ಅದರ ಹೊರಗಿನ ಸಂದಿಗೆ ಗ್ರೌಟ್ ಬಿದ್ದಿದೆಯೇ ಎಂದು ರಿಗ್ ಹೊರಡುವ ಮೊದಲೇ ನೋಡಿಕೊಳ್ಳಲಿ. ರೀಚಾರ್ಜ್ ಹೆಸರಿನಲ್ಲಿ ರಾಜಕಾಲುವೆಯ ಅಥವಾ ರಸ್ತೆಯ ನೀರನ್ನು ಹಳೆ ಬೋರ್‌ವೆಲ್ಲಿಗೆ ತಿರುಗಿಸಲೇಬಾರದು. ಜಲ್ಲಿ, ಮರಳು, ಇದ್ದಿಲಿನ ಗುಂಡಿ ಹೂಳನ್ನು ತಡೆಯುತ್ತದೆ, ನೈಟ್ರೇಟನ್ನೂ ಉಪ್ಪನ್ನೂ ತಡೆಯುವುದಿಲ್ಲ. ಚಾವಣಿಯ ನೀರನ್ನು, ಅದೂ ಮೊದಲ ಮಳೆಯದ್ದನ್ನು ಹೊರಗೆ ಬಿಟ್ಟು, ನೊರಜಿನವರೆಗಿನ ಇಂಗುಬಾವಿಗೆ ಇಳಿಸಿದರೆ ಸೋಸುವ ಕೆಲಸ ಮಣ್ಣಿನದ್ದಾಗುತ್ತದೆ.