ಇಬ್ಬರೇ ಇರುವ ಕೋಣೆ: ಸಂಗೀತ ಮೇಷ್ಟ್ರನ್ನು ವಿದ್ಯಾರ್ಥಿ ಕಾಣುವ ಬಗೆ

ಮೇಷ್ಟ್ರು ಒಂದು ಸಾಲು ನುಡಿಸಿ ತೋರಿಸಿ "ಗೊತ್ತಾಯ್ತಾ?" ಎನ್ನುತ್ತಾರೆ. ವಿದ್ಯಾರ್ಥಿ ತಲೆಯಾಡಿಸುತ್ತಾನೆ. ಗೊತ್ತಾಗಿರುವುದಿಲ್ಲ. ಗಣಿತದ ತರಗತಿಯಾದರೆ ಪಕ್ಕದವರನ್ನು ಕೇಳಬಹುದು. ಇಲ್ಲಿ ಕೋಣೆಯಲ್ಲಿರುವುದು ಇಬ್ಬರೇ.

ಈ ಕೋಣೆ ಮೊದಲು ಗುರುವಿನ ಮನೆಯೊಳಗಿತ್ತು. 1750ರ ದಶಕದ ವಿಯೆನ್ನಾದಲ್ಲಿ ಮುಂದೆ ಹೆಸರಾಂತ ಸ್ವರಸಂಯೋಜಕನಾದ ಯುವಕ ಹೈಡನ್, ಇಟಲಿಯ ಸಂಗೀತ ಗುರು ನಿಕೋಲಾ ಪೋರ್ಪೋರಾ ಅವರ ಚಾಕರಿ ಮಾಡುತ್ತ, ಅವರ ಗಾಯನ ಪಾಠಗಳಿಗೆ ಕೀಬೋರ್ಡ್ ನುಡಿಸುತ್ತ ಸ್ವರಸಂಯೋಜನೆ ಕಲಿತ. ಬೈಗುಳ ತಿಂದ, ಪಕ್ಕೆಗೆ ತಿವಿಸಿಕೊಂಡ. ಆದರೂ ವಿದ್ಯೆಯ ನಿಜವಾದ ತಳಪಾಯ ಸಿಕ್ಕಿದ್ದು ಅಲ್ಲೇ ಎಂದು ಮುಂದೆ ನೆನೆದ. ಊಳಿಗ, ಬೈಗುಳ, ವಿದ್ಯೆ ಮೂರೂ ಒಂದೇ ಗಂಟಿನಲ್ಲಿದ್ದ ಕಾಲವದು. ಅದನ್ನು ವೈಭವೀಕರಿಸಬೇಕಿಲ್ಲ. ಆದರೆ ಗುರು ತಪ್ಪುವುದನ್ನೂ ತಿದ್ದಿಕೊಳ್ಳುವುದನ್ನೂ ದಿನವಿಡೀ ಕೇಳಿಸಿಕೊಳ್ಳುವ ಲಾಭ ಅಲ್ಲಿತ್ತು.

1792ರಲ್ಲಿ ಅದೇ ಹೈಡನ್ ಬಳಿಗೆ ಬೇಥೋವನ್ ಪಾಠಕ್ಕೆ ಬಂದ. ಆಗ ಅವನು ಬರೆದ ಅಭ್ಯಾಸಗಳಲ್ಲಿ ಉಳಿದಿರುವುದು ಸುಮಾರು 245; ಹೈಡನ್ ತಿದ್ದಿದ ಗುರುತಿರುವುದು ಸುಮಾರು 42ರಲ್ಲಿ ಮಾತ್ರ. ಬೇಥೋವನ್ ಅದನ್ನು ಹೈಡನ್‌ಗೆ ಎದುರಿಗೆ ಕೇಳಲಿಲ್ಲ; ಗುಟ್ಟಾಗಿ ತಮ್ಮ ಬಳಿ ಬಂದು ತಿದ್ದಿಸಿಕೊಂಡ ಎಂದು ವಿಯೆನ್ನಾದ ಸ್ವರಸಂಯೋಜಕ ಯೋಹಾನ್ ಶೆಂಕ್ ಬರೆದಿಟ್ಟಿದ್ದಾರೆ. ಹೀಗೆ ಗುಟ್ಟಾಗಿ ಇನ್ನೊಬ್ಬರ ಬಳಿ ಹೋಗುವ ಶಿಷ್ಯರು ಇವತ್ತಿಗೂ ಇದ್ದಾರೆ, ಕಾರಣವೂ ಅದೇ: ಎದುರಿಗೆ ಕೇಳಲಾಗದ್ದು.

1795ರಲ್ಲಿ ಪ್ಯಾರಿಸ್, 1843ರಲ್ಲಿ ಲೈಪ್ಜಿಗ್, 1901ರಲ್ಲಿ ಲಾಹೋರಿನಲ್ಲಿ ಗಾಯಕ ವಿಷ್ಣು ದಿಗಂಬರ ಪಲುಸ್ಕರರ ಗಾಂಧರ್ವ ಮಹಾವಿದ್ಯಾಲಯ: ಸಂಗೀತಕ್ಕೆ ಶಾಲೆಗಳು ಬಂದವು, ಪಠ್ಯಕ್ರಮ ಬಂತು. ಮನೆ ಹೋಯಿತು, ಇಬ್ಬರ ಕೋಣೆ ಮಾತ್ರ ಉಳಿಯಿತು. ಇದಕ್ಕೆ ಬೇರೆ ದಾರಿಯೂ ಇತ್ತು: ಪಿಯಾನೋ ವಾದಕ ಲಿಸ್ಟ್ ಜರ್ಮನಿಯ ವೈಮಾರಿನಲ್ಲಿ ಶುಲ್ಕವಿಲ್ಲದೆ ನಡೆಸಿದ ಪಾಠಗಳಲ್ಲಿ ಒಬ್ಬರು ನುಡಿಸುವಾಗ ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಒಬ್ಬರಿಗೆ ಹೇಳಿದ ತಿದ್ದುಪಡಿ ಎಲ್ಲರದ್ದೂ ಆಗುತ್ತಿತ್ತು.

ಶಿಷ್ಯರ ಮಾತನ್ನು ಕ್ರಮವಾಗಿ ಕೇಳಿದ್ದು ತೀರ ಈಚೆಗೆ. 1985ರಲ್ಲಿ ಪ್ರಕಟವಾದ, ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ತಂಡದ ಅಧ್ಯಯನದಲ್ಲಿ 21 ಪಿಯಾನೋ ವಾದಕರಿದ್ದರು. ಅವರ ನೆನಪಿನಲ್ಲಿ ಮೊದಲ ಗುರು ಅಕ್ಕರೆಯವರು. ಕೊನೆಯ ಹಂತದವರು ಗೌರವ, ಅಂಜಿಕೆ ಎರಡನ್ನೂ ಹುಟ್ಟಿಸಿದ ಕಟ್ಟುನಿಟ್ಟಿನವರು. ಈ ಕ್ರಮ ತಲೆಕೆಳಗಾದರೆ ಮಗು ವಾದ್ಯವನ್ನೇ ದೂರ ಮಾಡಬಹುದು. ಮುಂದೆ ಲಂಡನ್ನಿನಲ್ಲಿ ಸಂಶೋಧಕಿ ಹೆಲೆನಾ ಗಾಂಟ್ ಮಾಡಿದ ಅಧ್ಯಯನಗಳು, ಈ ಸಂಬಂಧದ ಆಪ್ತತೆಯ ಜೊತೆಗೇ ಅದರೊಳಗಿನ ಅಧಿಕಾರವನ್ನೂ ಮುನ್ನೆಲೆಗೆ ತಂದವು. ಮೂರನೆಯವರ ಕಣ್ಣಿಗೆ ಬೀಳದ ಕಡೆ ಒಳ್ಳೆಯದೂ ಬೆಳೆಯುತ್ತದೆ, ಕೆಟ್ಟದ್ದೂ.

ಕೆಡುವುದು ಸಣ್ಣ ಸಂಗತಿಗಳಲ್ಲಿ. 45 ನಿಮಿಷದ ಪಾಠದಲ್ಲಿ ಶ್ರುತಿ, ಲಯ, ಬೆರಳು, ಉಸಿರು, ಕೂರುವ ಭಂಗಿ ಐದನ್ನೂ ತಿದ್ದಿದರೆ ಮನೆಗೆ ಹೋಗುವ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ. ಮುಂದಿನ ವಾರ ಅದೇ ತಪ್ಪು. ಮೇಷ್ಟ್ರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ, ವಿದ್ಯಾರ್ಥಿಗೆ ತನ್ನ ದಡ್ಡತನವಾಗಿ. ಒಂದು ಪಾಠಕ್ಕೆ ಒಂದು, ಹೆಚ್ಚೆಂದರೆ ಎರಡು ತಿದ್ದುಪಡಿ ಸಾಕು. "ಗೊತ್ತಾಯ್ತಾ?" ಬದಲು "ಈ ವಾರ ಏನು ಮಾಡ್ತೀಯ, ಮಾಡಿ ತೋರಿಸು" ಎಂದು ಕೊನೆಯ ಐದು ನಿಮಿಷ ವಿದ್ಯಾರ್ಥಿಗೇ ಬಿಡಬೇಕು, ಪುಸ್ತಕದಲ್ಲಿ ಅವರೇ ಬರೆದುಕೊಳ್ಳಬೇಕು. ಅಭ್ಯಾಸ ಆಗಿಲ್ಲದಿದ್ದರೆ ಪಾಠದ ಶುರುವಿಗೇ ಹೇಳಿಬಿಡುವುದು ಒಳ್ಳೆಯದು. ಆಗ ಮೇಷ್ಟ್ರು ಹೊಸ ಪಾಠ ಬಿಟ್ಟು ಅಭ್ಯಾಸವನ್ನೇ ಜೊತೆಗೆ ಕೂತು ಮಾಡಿಸಬಹುದು.

ಭುಜ, ಮಣಿಕಟ್ಟು, ಹೊಟ್ಟೆಯ ಉಸಿರು ತಿದ್ದಲು ಮುಟ್ಟಬೇಕಾದರೆ ಪ್ರತಿ ಸಲವೂ ಕೇಳಿಯೇ ಮುಟ್ಟಬೇಕು. ಬೇಡವೆಂದರೆ ಮೇಷ್ಟ್ರು ತಮ್ಮ ಮೈಮೇಲೆ ತೋರಿಸಲಿ, ಅಥವಾ ಕನ್ನಡಿ ಹಿಡಿಯಲಿ. ಬಾಗಿಲಿಗೆ ಗಾಜಿರಲಿ, ಇಲ್ಲವೇ ಬಾಗಿಲು ತೆರೆದೇ ಇರಲಿ.

ಗುರುವನ್ನು ಬದಲಿಸುವುದು ದ್ರೋಹವೆಂಬ ಭಾವನೆ ಆ ಹಳೆಯ ಮನೆಯಿಂದಲೇ ಬಂದದ್ದು. ಒಂದು ತಿಂಗಳು ಮೊದಲೇ ನೇರವಾಗಿ ತಿಳಿಸಿ, ಕಲಿಯುತ್ತಿರುವ ಕೃತಿಯನ್ನು ಮುಗಿಸಿ, ಎಲ್ಲಿಯವರೆಗೆ ಕಲಿತದ್ದಾಗಿದೆ ಎಂದು ಅವರಿಂದಲೇ ಬರೆಸಿಕೊಂಡರೆ ಹೊಸಬರು ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.