ಹುಲ್ಲಿನ ಹಲವು ಅರ್ಥಗಳು: ಮೆದೆಯಿಂದ ತ್ರಿಪದಿಯವರೆಗೆ

ಮಂಡ್ಯ ಸೀಮೆಯ ಒಕ್ಕಲು ಮನೆಯಲ್ಲಿ ಹುಲ್ಲು ಒಂದು ಆಸ್ತಿ. ಕಟಾವಾದ ಪೈರನ್ನು ಕಣಕ್ಕೆ ತಂದು ಒಕ್ಕಣೆ ಮಾಡಿದ ಮೇಲೆ ಕಾಳು ಮನೆಯೊಳಕ್ಕೆ ಹೋಗುತ್ತದೆ, ಹುಲ್ಲು ಹಿತ್ತಲಲ್ಲಿಯೋ ಕಣದ ಅಂಚಿನಲ್ಲಿಯೋ ಮೆದೆಯಾಗಿ ನಿಲ್ಲುತ್ತದೆ. ಬೇಸಿಗೆ ಕಳೆದು ಮುಂಗಾರಿನ ಹಸಿಮೇವು ಬರುವವರೆಗೆ ದನಗಳನ್ನು ಕಾಯುವುದು ಆ ಮೆದೆಯೇ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಪೋಷಕಾಂಶ ಕಡಿಮೆ. ಆದುದರಿಂದ ಕರೆಯುವ ಹಸುವಿಗೆ ರಾಗಿ ಹುಲ್ಲನ್ನೇ ಮೀಸಲಿಡುವವರು ಈಗಲೂ ಇದ್ದಾರೆ. ಸಂಕ್ರಾಂತಿಯ ಸಂಜೆ ಮೈಸೂರಿನ ಹೊರವಲಯದ ಸಿದ್ದಲಿಂಗಪುರದಲ್ಲಿ, ಹಾಗೆಯೇ ಸುತ್ತಲಿನ ಅನೇಕ ಹಳ್ಳಿಗಳಲ್ಲಿ, ಸಿಂಗರಿಸಿದ ರಾಸುಗಳನ್ನು ಕಿಚ್ಚು ಹಾಯಿಸುವಾಗ ಹಾದಿಗೆ ಅಡ್ಡಲಾಗಿ ಹರಡಿ ಹೊತ್ತಿಸುವುದೂ ಹುಲ್ಲನ್ನೇ. ದಸರಾ ಆನೆಗಳಿಗೆ ಮಾವುತರು ಕೊಡುವ ಕುಸುರೆಯಲ್ಲಿ ಭತ್ತ, ಬೆಲ್ಲ, ತೆಂಗಿನಕಾಯಿ ಮೊದಲಾದುವನ್ನು ಒಳಗಿಟ್ಟು ಸುತ್ತಿ ಕಟ್ಟುವುದೂ ಭತ್ತದ ಹುಲ್ಲಿನಿಂದಲೇ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು 'ತೃಣ' ಎಂದೊಡನೆ ಅಲ್ಪ, ನಿಕೃಷ್ಟ ಎಂದು ಅರ್ಥ ಬರೆದುಕೊಳ್ಳುತ್ತೇವೆ. ಮೆದೆ ಕಾಯ್ದಿಟ್ಟುಕೊಂಡ ಮನೆಯವರು ಆ ಅರ್ಥವನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಸಸ್ಯಶಾಸ್ತ್ರವೂ ಅವರ ಪಕ್ಷದಲ್ಲಿಯೇ ಇದೆ. ಭತ್ತ, ರಾಗಿ, ಜೋಳ, ಕಬ್ಬು, ಬಿದಿರು ಎಲ್ಲವೂ ಒಂದೇ ಹುಲ್ಲಿನ ಕುಟುಂಬಕ್ಕೆ ಸೇರಿದ ಸಸ್ಯಗಳು. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಸುತ್ತ ಬೆಳೆದ ಮಂಡ್ಯದ ಆರ್ಥಿಕತೆಯು ಒಂದು ಅರ್ಥದಲ್ಲಿ ಹುಲ್ಲಿನ ಕಾಂಡದ ಮೇಲೆ ನಿಂತದ್ದು. ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ವ್ರೀಹಿಗೂ ನರೆದಲಗನಿಗೂ, ಎಂದರೆ ಭತ್ತಕ್ಕೂ ರಾಗಿಗೂ, ನಡೆಯುವ ವ್ಯಾಜ್ಯವನ್ನು ಈ ತಿಳಿವಳಿಕೆಯೊಂದಿಗೆ ಓದಿದರೆ ಅದು ದಾಯಾದಿಗಳ ಜಗಳವಾಗಿ ತೋರುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕೆಡುತ್ತದೆ, ರಾಗಿ ಕೆಡದೆ ಉಳಿಯುತ್ತದೆ. ಈ ತೀರ್ಪಿನ ಹಿಂದೆ ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಟ್ಟು ಉಂಡ ಜನರ ಅನುಭವವಿದೆ.

ಇನ್ನು ಕಾವ್ಯಪುರಾಣಗಳ ತೃಣಕ್ಕೆ ಬರೋಣ. ಅಲ್ಲಿ ಹುಲ್ಲು ಅಲ್ಪವೆಂಬುದು ನಿಜ, ಆದರೆ ಅದರ ಅಲ್ಪತ್ವವೇ ಎದುರಿಗಿರುವವರ ದೊಡ್ಡತನವನ್ನು ಅಳೆಯುವ ಅಳತೆಗೋಲಾಗುತ್ತದೆ ಎಂಬುದು ನನ್ನ ಓದಿನಲ್ಲಿ ಮುಖ್ಯವಾಗಿ ಕಂಡ ಸಂಗತಿ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಸೀತೆಯು ರಾವಣನಿಗೆ ಉತ್ತರ ಕೊಡುವ ಮೊದಲು ತನಗೂ ಅವನಿಗೂ ನಡುವೆ ಒಂದು ಹುಲ್ಲುಕಡ್ಡಿಯನ್ನು ಇರಿಸುತ್ತಾಳೆ. ಪರಪುರುಷನೊಡನೆ ನೇರವಾಗಿ ಮಾತನಾಡಬಾರದೆಂಬ ಮರ್ಯಾದೆಯ ತೆರೆಯೆಂದೂ, ನೀನು ನನಗೆ ಈ ಹುಲ್ಲಿಗೆ ಸಮಾನನೆಂಬ ಧಿಕ್ಕಾರವೆಂದೂ ಇದನ್ನು ಅರ್ಥೈಸುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಸರಿ ಎಂದು ನನಗೆ ತೋರುತ್ತದೆ: ಲಂಕೆಯ ಸೈನ್ಯವನ್ನೆಲ್ಲ ಹಿಂದಿಟ್ಟುಕೊಂಡವನಿಗೆ ಆ ಕಡ್ಡಿಯನ್ನು ದಾಟಿ ಬರಲು ಆಗುವುದಿಲ್ಲ. ಅದೇ ಕಾಂಡದಲ್ಲಿ ಸೀತೆಯು ಹನುಮಂತನಿಗೆ ಹೇಳುವ ಕಾಕಾಸುರನ, ಎಂದರೆ ತನ್ನನ್ನು ಕುಕ್ಕಿ ನೋಯಿಸಿದ ಕಾಗೆಯ, ಕಥೆಯಲ್ಲಿ ರಾಮನು ಹಾಸಿದ್ದ ದರ್ಭೆಯಿಂದ ಒಂದು ಎಳೆಯನ್ನು ಕಿತ್ತು ಬ್ರಹ್ಮಾಸ್ತ್ರವನ್ನು ಆವಾಹಿಸುತ್ತಾನೆ. ಸೀತೆಯ ಕಡ್ಡಿ ಏನನ್ನೂ ಸುಡದೆ ತಡೆಯುತ್ತದೆ, ರಾಮನ ದರ್ಭೆ ಆ ಕಾಗೆಯನ್ನು ಮೂರು ಲೋಕಗಳಲ್ಲಿಯೂ ಬೆನ್ನಟ್ಟುತ್ತದೆ. ಇವನ್ನು ಜೋಡಿಯಾಗಿ ಓದಬೇಕು.

ಕೇನೋಪನಿಷತ್ತಿನಲ್ಲಿ ಇದೇ ಅಳತೆ ಇನ್ನೂ ಸ್ಪಷ್ಟವಾಗಿದೆ. ಗೆಲುವಿನಿಂದ ಬೀಗಿದ ದೇವತೆಗಳ ಮುಂದೆ ಕಾಣಿಸಿಕೊಂಡ ಯಕ್ಷನು ಒಂದು ಹುಲ್ಲನ್ನು ಇಟ್ಟು ಅಗ್ನಿಗೆ ಅದನ್ನು ಸುಡೆಂದೂ ವಾಯುವಿಗೆ ಅದನ್ನು ಎತ್ತೆಂದೂ ಹೇಳುತ್ತಾನೆ, ಇಬ್ಬರಿಂದಲೂ ಆಗುವುದಿಲ್ಲ. ಅವನ ಅಪ್ಪಣೆಯಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡದು ಎಂದು ನಮ್ಮ ಹಿರಿಯರು ಆಡುವ ಮಾತನ್ನು ಕೇಳಿದಾಗಲೆಲ್ಲ ಈ ಪ್ರಸಂಗ ನೆನಪಾಗುತ್ತದೆ. ಮಹಾಭಾರತದ ಯಕ್ಷಪ್ರಶ್ನೆಯಲ್ಲಿ ಹುಲ್ಲಿಗಿಂತ ಹೆಚ್ಚು ಸಂಖ್ಯೆಯಲ್ಲಿರುವುದು ಯಾವುದೆಂಬ ಪ್ರಶ್ನೆಗೆ ಯುಧಿಷ್ಠಿರನು ಚಿಂತೆ ಎಂದು ಉತ್ತರಿಸುತ್ತಾನೆ. ಅಲ್ಲಿ ಹುಲ್ಲು ಎಣಿಕೆಗೆ ಸಿಗದುದರ ಹೆಸರು. ಭರ್ತೃಹರಿಯು ಸಾಹಿತ್ಯ ಸಂಗೀತ ಕಲೆಗಳಿಲ್ಲದವನನ್ನು ಬಾಲವೂ ಕೊಂಬೂ ಇಲ್ಲದ ಪಶುವೆಂದು ಕರೆದು, ಅವನು ಹುಲ್ಲು ತಿನ್ನದೆ ಬದುಕಿರುವುದು ಪಶುಗಳ ಭಾಗ್ಯವೆನ್ನುತ್ತಾನೆ. ಆ ಶ್ಲೋಕದ ತೂಕವಿರುವುದು ಕೊನೆಯ ಪಾದದಲ್ಲಿ, ಏಕೆಂದರೆ ಅಲ್ಲಿ ಹುಲ್ಲು ನಿಕೃಷ್ಟ ವಸ್ತುವಾಗಿರದೆ ಮತ್ತೊಂದು ಜೀವದ ಪಾಲಾಗಿದೆ.

ಹಳೆಯ ಕನ್ನಡ ಕಾವ್ಯಗಳ ಯುದ್ಧವರ್ಣನೆಯಲ್ಲಿ ಬರುವ 'ಹುಲ್ಲು ಕಚ್ಚುವುದು' ಎಂಬ ಮಾತನ್ನು ಸೋಲು ಎಂದಷ್ಟೇ ಬರೆದು ಮುಂದಕ್ಕೆ ಹೋಗಬಾರದು. ಆಯುಧವನ್ನು ಬಿಟ್ಟು ಬಾಯಲ್ಲಿ ಹುಲ್ಲು ಹಿಡಿದು ನಿಂತವನು ಶರಣಾಗತ. ಹಸುವನ್ನು ಕೊಲ್ಲದಂತೆ ಅವನನ್ನೂ ಕೊಲ್ಲಬಾರದೆಂಬುದು ಅದರೊಳಗಿನ ನ್ಯಾಯ. ಹುತ್ತವನ್ನೇರಿದವನಿಗೂ ಇದೇ ರಕ್ಷೆ ಇತ್ತು. ಹೀಗೆ ನೋಡಿದರೆ ಹುಲ್ಲನ್ನು ಕಚ್ಚಿದವನ ಮಾನ ಅಲ್ಲಿಗೆ ತೀರಿತು; ಉಳಿದದ್ದು ಗೆದ್ದವನ ಪರೀಕ್ಷೆ.

ಹೊಸಗನ್ನಡಕ್ಕೆ ಬಂದರೆ ಎರಡು ಉದಾಹರಣೆಗಳು ಸಾಕು. ಕುವೆಂಪು ಅವರ 'ಹಸುರು' ಕವಿತೆಯಲ್ಲಿ ಹುಲ್ಲು ಮಕಮಲ್ಲಿನ ಜಮಖಾನೆಯಾಗಿ ನೆಲವನ್ನೆಲ್ಲ ಹೊದಿಸುತ್ತದೆ. ಅಲ್ಲಿ ಅದು ಯಾವ ನೀತಿಗೂ ಸಂಕೇತವಲ್ಲ, ನೋಡುವವನ ರಕ್ತವನ್ನೇ ಹಸುರಾಗಿಸುವ ಬಣ್ಣ. 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದಲ್ಲಿ ಡಿ.ವಿ.ಜಿ. ಬೆಟ್ಟದಡಿಯ ಹುಲ್ಲಾಗು ಎಂದವರು ಮರುಸಾಲಿನಲ್ಲಿಯೇ ಕಷ್ಟಗಳ ಮಳೆಗೆ ಕಲ್ಲಾಗು ಎನ್ನುತ್ತಾರೆ. ಆದುದರಿಂದ ಅವರ ಹುಲ್ಲನ್ನು ದೈನ್ಯವೆಂದು ಓದುವುದು ತಪ್ಪು. ಅದು ಹಿರಿದಾದುದರ ಮುಂದೆ ತಾನಾಗಿ ಆರಿಸಿಕೊಂಡ ನಮ್ರತೆ. ತೌಲನಿಕವಾಗಿ ಓದುವವರು ಅಮೆರಿಕದ ವಾಲ್ಟ್ ವಿಟ್ಮನ್‌ನ 1855ರ 'ಲೀವ್ಸ್ ಆಫ್ ಗ್ರಾಸ್' ಅನ್ನು ನೋಡಬಹುದು. ಮಗುವೊಂದು ಕೈತುಂಬ ಹುಲ್ಲು ತಂದು ಇದೇನೆಂದು ಕೇಳಿದಾಗ ಅಲ್ಲಿನ ಕವಿ ತನಗೂ ಗೊತ್ತಿಲ್ಲವೆಂದು ಹೇಳಿ ಊಹೆಗಳ ಸರಮಾಲೆಯನ್ನೇ ಕೊಡುತ್ತಾನೆ.

ನಮ್ಮ ನೆಲದ ಹುಲ್ಲುಗಳಲ್ಲಿ ಅತಿ ಹೆಚ್ಚು ಅರ್ಥಗಳನ್ನು ಹೊತ್ತದ್ದು ಗರಿಕೆ. ಸಗಣಿಯ ಉಂಡೆಗೆ ಗರಿಕೆಯನ್ನು ಸಿಕ್ಕಿಸಿದರೆ ಅದು ಬೆನಕನಾಗುತ್ತದೆ. ಗಣಪತಿಗೆ ಇಪ್ಪತ್ತೊಂದು ಗರಿಕೆ ಏರಿಸುವ ರೂಢಿಯೂ ಎಲ್ಲರಿಗೂ ಗೊತ್ತಿದೆ. ಪೂಜೆಯಲ್ಲಿ ಹೇಳುವ ದೂರ್ವಾಮಂತ್ರವು 'ಕಾಂಡಾತ್ ಕಾಂಡಾತ್' ಎಂದು ಆರಂಭವಾಗಿ, ಗಿಣ್ಣು ಗಿಣ್ಣಿನಿಂದಲೂ ಚಿಗುರುವ ಈ ಹುಲ್ಲು ನಮ್ಮನ್ನೂ ಸಾವಿರವಾಗಿ ಹಬ್ಬಿಸಲಿ ಎಂದು ಬೇಡುತ್ತದೆ. ಕಬ್ಬಿನ ತುಂಡನ್ನು ಗಿಣ್ಣಿನ ಕಣ್ಣು ನೋಡಿ ನೆಟ್ಟು, ಕಡಿದ ಬುಡದಿಂದಲೇ ಮತ್ತೆ ಕೂಳೆ ಬೆಳೆ ತೆಗೆಯುವ ಮಂಡ್ಯದ ರೈತರಿಗೆ ಈ ಮಂತ್ರಕ್ಕೆ ವ್ಯಾಖ್ಯಾನ ಬೇಕಿಲ್ಲ. ಹುಲ್ಲಿನ ಬೆಳೆಯುವ ಭಾಗ ಎಲೆಯ ತುದಿಯಲ್ಲಿರದೆ ಬುಡದಲ್ಲಿ ಮತ್ತು ಗಿಣ್ಣಿನಲ್ಲಿ ಇರುವುದರಿಂದಲೇ ದನ ಮೇದರೂ ಅದು ಸಾಯುವುದಿಲ್ಲ. ಗರಿಕೆಗಾದರೋ ನೆಲದ ಮೇಲೆ ಹರಿಯುವ ಬಳ್ಳಿಯೂ ಮಣ್ಣಿನೊಳಗೆ ಹರಿಯುವ ಕಾಂಡವೂ ಇವೆ, ಎರಡರಲ್ಲಿಯೂ ಗಿಣ್ಣುಗಳಿವೆ.

ಆದರೆ ಇದೇ ಗುಣದಿಂದಾಗಿ ಗರಿಕೆ ರಾಗಿ ಹೊಲದ ದೊಡ್ಡ ಕಳೆಯೂ ಆಗಿದೆ. ಕಿತ್ತಾಗ ತುಂಡಾಗಿ ಮಣ್ಣಿನಲ್ಲಿ ಉಳಿದ ಪ್ರತಿಯೊಂದು ಗಿಣ್ಣೂ ಹೊಸ ಗಿಡವಾಗುತ್ತದೆ. ಬೇಸಿಗೆಯಲ್ಲಿ ಆಳವಾಗಿ ಉತ್ತು ಬೇರು, ಕಾಂಡಗಳನ್ನು ಬಿಸಿಲಿಗೆ ಒಣಗಿಸದ ಹೊರತು ಅದು ಹತೋಟಿಗೆ ಬರುವುದಿಲ್ಲ. ದೇವರ ಮನೆಯಲ್ಲಿ ಹರಕೆಯಾದದ್ದು ಹೊಲದಲ್ಲಿ ಹಗೆಯಾಗುತ್ತದೆ. ಉತ್ತರ ಕರ್ನಾಟಕದ ಪ್ರಸಿದ್ಧ ಜನಪದ ತ್ರಿಪದಿಯನ್ನು ಈ ತಿಳಿವಳಿಕೆಯಿಂದ ಓದಬೇಕೆಂಬುದು ನನ್ನ ಸಲಹೆ:

ಹಾಲುಂಡ ತವರೀಗೆ ಏನೆಂದು ಹಾಡಲೆ
ಹೊಳೆದಂಡೇಲಿರುವ ಕರಕೀಯ
ಕುಡಿಹಾಂಗ ಹಬ್ಬಲಿ ಅವರ ರಸಬಳ್ಳಿ

ಕರಕಿ ಎಂದರೆ ನಮ್ಮ ಕಡೆಯ ಗರಿಕೆಯೇ. ತವರನ್ನು ಹರಸುವ ಮಗಳು ಬರಿಯ ಕರಕಿ ಎನ್ನದೆ ಹೊಳೆದಂಡೆಯ ಕರಕಿ ಎನ್ನುತ್ತಾಳೆ. ಆ ವಿಶೇಷಣವನ್ನು ಛಂದಸ್ಸಿಗಾಗಿ ಬಂದದ್ದೆಂದು ಬಿಡುವಂತಿಲ್ಲ. ಹೊಲದ ಕರಕಿಯಾಗಿದ್ದರೆ ಅದನ್ನು ಕೀಳುವವರಿದ್ದರು, ಬೇಸಿಗೆಯಲ್ಲಿ ನೇಗಿಲು ಬರುತ್ತಿತ್ತು. ಹೊಳೆಯ ದಂಡೆಯನ್ನು ಯಾರೂ ಉಳುವುದಿಲ್ಲ, ಅಲ್ಲಿ ತೇವವೂ ಆರುವುದಿಲ್ಲ. ಅಣ್ಣತಮ್ಮಂದಿರ ಸಂತಾನವು ಯಾರ ಬೆಳೆಗೂ ಕಳೆಯಾಗದೆ ಹಬ್ಬಬಹುದಾದ ಜಾಗವನ್ನೇ ಹುಡುಕಿ ಅವಳು ಅಲ್ಲಿ ಕರಕಿಯನ್ನು ಕಂಡಿದ್ದಾಳೆ.