ಹತ್ತು ಪೌಂಡ್ ಗಾಳಿ

ಮೂಡಿಗೆರೆಯ ಹತ್ತಿರ ಹೋಂಸ್ಟೇ ನಡೆಸುವ ಗೆಳೆಯನ ಅಂಗಳದ ಹುಲ್ಲುಹಾಸಿನಲ್ಲಿ ಕಳೆದ ವರ್ಷ ಬಳುಕಿದ ಹಳದಿ ಪಟ್ಟೆಯೊಂದು ಕಾಣಿಸಿಕೊಂಡಿತು. ನೀರು ಬಿಟ್ಟರೂ ಹೋಗಲಿಲ್ಲ, ಗೊಬ್ಬರ ಹಾಕಿದರೂ ಹೋಗಲಿಲ್ಲ. ಪಕ್ಕದ ತೋಟದ ಹಿರಿಯರು ಬಂದು ನೋಡಿ, ‘ಇದು ನಾಗ ಹರಿದ ಜಾಗ, ಹಾಲೆರೆಯಿರಿ’ ಎಂದರು. ಹುಲ್ಲು ಕತ್ತರಿಸುವ ಬಂಡಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಆಯುಧಪೂಜೆಯ ದಿನ ಅದರ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು.

ನಾನು ಬಂಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಹಿಂದಿನ ಬಲ ಟೈರು ಹಬ್ಬದೂಟ ಮುಗಿಸಿ ಗೋಡೆಗೆ ಒರಗಿದವರ ಹೊಟ್ಟೆಯಂತೆ ಪಕ್ಕಕ್ಕೆ ಉಬ್ಬಿತ್ತು. ಚಕ್ರದ ನಡುವಿನಿಂದ ನೆಲಕ್ಕೆ ಟೇಪು ಹಿಡಿದರೆ ಎಡಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆ. ಅಷ್ಟೇ ಸಾಕು.

ಏಕೆ ಸಾಕು ಎಂಬುದೇ ಸ್ವಾರಸ್ಯ. ಮೇಲೆ ಕೂತು ಓಡಿಸುವ ಇಂಥ ಬಂಡಿಗಳಲ್ಲಿ ಮುಂದಿನ ಆಕ್ಸೆಲ್ ಸಾಮಾನ್ಯವಾಗಿ ಚಾಸಿಗೆ ಬಿಗಿದಿರುವುದಿಲ್ಲ. ನಡುವಿನ ಒಂದು ಪಿನ್ನಿನ ಮೇಲೆ, ತಕ್ಕಡಿಯ ದಂಡದಂತೆ, ಅತ್ತಿತ್ತ ತೂಗುತ್ತದೆ. ಗದ್ದೆಯ ಟ್ರ್ಯಾಕ್ಟರಿನದೂ ಇದೇ ಏರ್ಪಾಡು. ಅಂದರೆ ಬಂಡಿಗೆ ಚಕ್ರ ನಾಲ್ಕಾದರೂ ಕಾಲು ಮೂರೇ: ಹಿಂದಿನ ಎರಡು ಚಕ್ರ, ಮುಂದಿನ ಪಿನ್ನು. ಮೂರು ಕಾಲಿನ ಮಣೆ ಎಂಥ ನೆಲದಲ್ಲೂ ಗಡಗಡ ಅಲುಗುವುದಿಲ್ಲ, ನಿಜ. ಆದರೆ ಒಂದು ಕಾಲು ಗಿಡ್ಡವಾದರೆ ಸದ್ದಿಲ್ಲದೆ ವಾಲಿ ನಿಂತುಬಿಡುತ್ತದೆ. ಹಿಂದಿನ ಚಕ್ರಗಳ ನಡುವೆ 75 ಸೆಂಟಿಮೀಟರ್ ಇದ್ದು ಒಂದು ಕಡೆ ಒಂದು ಸೆಂಟಿಮೀಟರ್ ತಗ್ಗಿದರೆ, ಹೊಟ್ಟೆಯ ಕೆಳಗೆ ತೂಗುವ 107 ಸೆಂಟಿಮೀಟರ್ ಅಗಲದ ಡೆಕ್ಕಿನ (ಬ್ಲೇಡುಗಳನ್ನು ಮುಚ್ಚಿದ ತಗಡಿನ ಕವಚದ) ಎರಡು ಅಂಚುಗಳ ನಡುವೆ ಸುಮಾರು 1.4 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸುವಾಗ ಅದು ಸಣ್ಣ ಮಾತಲ್ಲ. ಬ್ಲೇಡು ಹಸಿರು ಗರಿಯನ್ನು ಬಿಟ್ಟು ಬುಡದ ಬಿಳಿಚಿದ ದಂಟಿಗೆ ಇಳಿಯುತ್ತದೆ. ಗೆಳೆಯ ಅಂಗಳವನ್ನು ಸುತ್ತುಸುತ್ತಾಗಿ ಓಡಿಸುತ್ತಿದ್ದ. ಹಾವಿನ ಬಳುಕು ಅಲ್ಲಿಂದ ಬಂದದ್ದು.

ಇನ್ನು ಗಾಳಿ. ಇಂಥ ಟೈರಿಗೆ ಬೇಕಾದದ್ದು ಸಾಮಾನ್ಯವಾಗಿ 10ರಿಂದ 14 ಪಿಎಸ್‌ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ. ಸರಿಯಾದ ಅಂಕಿ ಟೈರಿನ ಪಕ್ಕದಲ್ಲೋ ಬಂಡಿಯ ಕೈಪಿಡಿಯಲ್ಲೋ ಇರುತ್ತದೆ, ಓದುವವರು ಮಾತ್ರ ಕಡಿಮೆ. ಪಂಕ್ಚರ್ ಅಂಗಡಿಗೆ ಒಯ್ದರೆ ‘ಇರಲಿ, ಗಟ್ಟಿಯಾಗಿರಲಿ’ ಎಂದು ಮೂವತ್ತು ತುಂಬಿ ಕಳಿಸುತ್ತಾರೆ. ಒಂದು ಲೆಕ್ಕ ಹಾಕೋಣ. ಬಂಡಿ 200 ಕಿಲೋ, ಓಡಿಸುವವನು 70 ಕಿಲೋ. ಟೈರಿನ ಗಡಸುತನವನ್ನು ಬದಿಗಿಟ್ಟರೆ, ಮೂವತ್ತು ಪಿಎಸ್‌ಐನಲ್ಲಿ ಈ 270 ಕಿಲೋ ನಿಲ್ಲುವ ಒಟ್ಟು ಜಾಗ ಒಂದು ಅಂಚೆ ಕಾರ್ಡಿನಷ್ಟು. ಹತ್ತು ಪಿಎಸ್‌ಐನಲ್ಲಿ ಮೂರು ಕಾರ್ಡಿನಷ್ಟು. ಮೃದು ನೆಲದಲ್ಲಿ ಹೂತು ಹೋಗುವುದು ಯಾವುದೆಂದು ಬೇರೆ ಹೇಳಬೇಕೆ? ಸಕಲೇಶಪುರದ ಕಡೆ ಗದ್ದೆಗೆ ಇಳಿಯುವ ಕಾಡಾನೆಯನ್ನೇ ನೋಡಿ: ಅದು ನಡೆಯುವುದು ಬೆರಳ ತುದಿಯ ಮೇಲೆ, ಹಿಮ್ಮಡಿಯ ಕೆಳಗೆ ಕೊಬ್ಬಿನ ದಪ್ಪ ಮೆತ್ತೆ. ಭಾರ ಬಿದ್ದಾಗ ಪಾದ ಹರಡುತ್ತದೆ, ಎತ್ತಿದಾಗ ಕುಗ್ಗುತ್ತದೆ. ಮೆತ್ತಗಿನ ಟೈರು ಅದೇ ಜಾತಿಯದು.

ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಬಟ್ಟೆಯ ಗಿರಣಿಯಲ್ಲಿ ಉಣ್ಣೆಯ ಜುಂಗು ಸವರುವ ಯಂತ್ರ ನೋಡಿ ಹೊಳೆದದ್ದು. ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಬಂದದ್ದು 1845ರಲ್ಲಿ, ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್‌ಗೆ. ಜನ ಮರೆತರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಥಾಮ್ಸನ್ ಮೊದಲಿಗನೆಂದು ತಿಳಿದು ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು.

ಗೆಳೆಯನ ಬಂಡಿ ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಬಂದದ್ದು. ಅಲ್ಲಿ ತುಂಬಿದ ಹತ್ತು ಪಿಎಸ್‌ಐ ಇಲ್ಲಿ ಹತ್ತಾಗಿ ಉಳಿಯುವುದಿಲ್ಲ. ಗೇಜು ತೋರಿಸುವುದು ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸವನ್ನು. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 14.7, ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 13. ಉಷ್ಣಾಂಶ ಬದಲಾಗದಿದ್ದರೆ ಘಾಟಿ ಹತ್ತಿದ ಟೈರು ಹನ್ನೊಂದೂವರೆ ದಾಟುತ್ತದೆ. ಜನವರಿಯಲ್ಲಿ ಇದಕ್ಕೆ ತಿರುಗುಮುರುಗು: ಮಧ್ಯಾಹ್ನ 30 ಡಿಗ್ರಿಯಲ್ಲಿ ಹತ್ತು ತುಂಬಿ, ಮರುದಿನ ಮುಂಜಾನೆ 12 ಡಿಗ್ರಿಯಲ್ಲಿ ನೋಡಿದರೆ ಎಂಟೂವರೆ. ತೂತಿಲ್ಲ, ದೃಷ್ಟಿಯೂ ತಾಗಿಲ್ಲ. ಕಾರಿನ ಮೂವತ್ತೆರಡರಲ್ಲಿ ಇಂಥ ಏರುಪೇರು ಅಷ್ಟಾಗಿ ತಿಳಿಯದು, ಹತ್ತರಲ್ಲಿ ಎದ್ದು ಕಾಣುತ್ತದೆ. ಬಡವನ ಜೇಬಿನಿಂದ ಹತ್ತು ರೂಪಾಯಿ ಬಿದ್ದ ಹಾಗೆ. ‘ಹಾಗಾದರೆ ನೈಟ್ರೋಜನ್ ತುಂಬಿಸಲೇ?’ ಎಂದು ಗೆಳೆಯ ಕೇಳಿದ. ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಪಾಲು ಇದೆ, ದುಡ್ಡು ಉಳಿಸು ಎಂದೆ.

ಆದರೆ ಬಲ ಟೈರಿನಲ್ಲಿ ಇದ್ದದ್ದು ನಾಲ್ಕೇ ಪಿಎಸ್‌ಐ. ಚಳಿ ಅಷ್ಟು ಕದಿಯುವುದಿಲ್ಲ. ಸೋಪಿನ ನೀರು ಸವರಿದೆವು. ವಾಲ್ವ್ ಸರಿಯಿತ್ತು. ರಿಮ್ಮಿನ ಅಂಚಿನಲ್ಲಿ, ತುಕ್ಕು ಹಿಡಿದ ಕಡೆ, ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಚಕ್ರದ ಹೊರಮೈಯಲ್ಲಿ ಮುರಿದ ಮುಳ್ಳೂ ಸಿಕ್ಕಿತು, ಹಿತ್ತಿಲಿನ ನಿಂಬೆಗಿಡದ್ದು. ನಿಂಬೆಹಣ್ಣಿನ ಮಹಿಮೆ ನನಗೆ ಗೊತ್ತಿಲ್ಲ, ಮುಳ್ಳಿನದು ಗೊತ್ತಾಯಿತು.

ಟೈರು ಬಿಚ್ಚಿ, ರಿಮ್ಮಿನ ತುಕ್ಕನ್ನು ಉಜ್ಜು ಕಾಗದದಿಂದ ತಿಕ್ಕಿ, ತೂತಿಗೆ ಒಳಗಿನಿಂದ ಪ್ಯಾಚ್ ಹಾಕಿಸಿದೆವು. ಮರಳಿ ಕೂರಿಸುವಾಗ ಅಂಚು ರಿಮ್ಮಿಗೆ ಕಚ್ಚದೆ ಗಾಳಿಯೆಲ್ಲ ಸೋರುತ್ತಿತ್ತು. ಟೈರಿನ ಸುತ್ತ ಹಗ್ಗ ಸುತ್ತಿ ಕೋಲು ಸಿಕ್ಕಿಸಿ ತಿರುಚಿದರೆ ನಡು ಒತ್ತಿ ಅಂಚುಗಳು ಹೊರಕ್ಕೆ ಸರಿಯುತ್ತವೆ. ಆಮೇಲೆ ಪಂಪು. ಪೆಟ್ರೋಲ್ ಚಿಮುಕಿಸಿ ಕಡ್ಡಿ ಗೀರಿ ಕೂರಿಸುವ ಶೂರರ ವಿಡಿಯೊ ನೋಡಿ ಯಾರೂ ಕೈ ಸುಟ್ಟುಕೊಳ್ಳಬೇಡಿ. ಡೆಕ್ಕಿನ ಕೆಳಗೆ ಕೈ ಹಾಕುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡಿ. ಮಳೆಗಾಲಕ್ಕೆ ಬಂಡಿಯನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು ಪೆಟ್ರೋಲ್ ಬಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಮಲೆನಾಡಿನ ತೇವವನ್ನು ಹೀರಿಕೊಂಡು ಕಾರ್ಬ್ಯುರೇಟರಿಗೆ ಕಾಟ ಕೊಡುತ್ತದೆ.

ಒಂದು ತಿಂಗಳಿಗೆ ಪಟ್ಟೆ ಹಸಿರಾಯಿತು. ಹಿರಿಯರು ಬಂದು ನೋಡಿ, ‘ಹಾಲೆರೆದಿರಾ?’ ಎಂದು ಕೇಳಿದರು. ಗೆಳೆಯ ನನ್ನ ಮುಖ ನೋಡಿ, ‘ಗಾಳಿ ಎರೆದೆವು’ ಎಂದ.